ಲಾಂಡ್ರಿ ನೀರಿಂದ ನೈಟ್ರೋಜನ್ ತೆಗೆಯೋದು ಹೇಗೆ: ಯೂರಿಯಾ ಮೂಟೆ ಪಕ್ಕಕ್ಕಿಡಿ, ಮೊದ್ಲು ಲೆಕ್ಕ ಮಾಡಿ

ಬೆಂಗಳೂರಿನ ಹೊರಗಡೆ ಒಂದು ದೊಡ್ಡ ಲಾಂಡ್ರಿಗೆ ಕರೆದಿದ್ರು. ಹೋಟೆಲ್ ಬೆಡ್‌ಶೀಟು, ಟವೆಲ್ಲು, ಜೊತೆಗೆ ಆಸ್ಪತ್ರೆ ಬಟ್ಟೆನೂ ಒಗೀತಾರೆ, ದಿನಕ್ಕೆ 50 ಸಾವಿರ ಲೀಟರ್ ಕೊಳಕು ನೀರು. ಲ್ಯಾಬ್ ರಿಪೋರ್ಟಲ್ಲಿ ಟೋಟಲ್ ನೈಟ್ರೋಜನ್ ಮಾತ್ರ ಪದೇಪದೇ ಫೇಲ್, ಅದಕ್ಕೆ ಇನ್ನೊಂದು ಬ್ಲೋವರ್ (ಟ್ಯಾಂಕಿಗೆ ಗಾಳಿ ಊದೋ ಮಿಷನ್) ಹಾಕಿಸೋಣ ಅಂತ ಕೊಟೇಶನ್ ಬೇರೆ ತರಿಸಿಬಿಟ್ಟಿದ್ರು. ಈಟಿಪಿ (ಕೊಳಕು ನೀರು ಶುದ್ಧ ಮಾಡೋ ಪ್ಲಾಂಟ್) ಶೆಡ್ ಒಳಗೆ ಹೋದ್ರೆ ಗೋಡೆಗೆ ಒರಗಿಸಿದ ಯೂರಿಯಾ ಮೂಟೆ. ಇದ್ಯಾಕಪ್ಪಾ ಅಂದ್ರೆ ಆಪರೇಟರ್ ಹುಡುಗ, "ಬ್ಯಾಕ್ಟೀರಿಯಾಗೆ ಊಟ ಸಾರ್, ದಿನಾ ಎರಡು ಕೆಜಿ ಹಾಕು ಅಂತ ಪ್ಲಾಂಟ್ ಕಟ್ಟಿದೋರು ಹೇಳಿ ಹೋಗಿದ್ದಾರೆ" ಅಂದ. ಯೂರಿಯಾದಲ್ಲಿ 46 ಪರ್ಸೆಂಟ್ ನೈಟ್ರೋಜನ್ನೇ. ಎರಡು ಕೆಜಿಲಿ 920 ಗ್ರಾಂ ಆಯ್ತು, 50 ಸಾವಿರ ಲೀಟರಿಗೆ ಹಂಚಿದ್ರೆ ಲೀಟರಿಗೆ 18 ಮಿಲಿಗ್ರಾಂ. ಅವರಿಗಿದ್ದ ಲಿಮಿಟ್ಟೇ 10. ಒಂದು ಕೈಲಿ ಸುರಿದು ಇನ್ನೊಂದು ಕೈಲಿ ಬಾಚ್ತಾ ಇದ್ರು ಪಾಪ.

ಅದಕ್ಕೇ ಬ್ಲೋವರ್, ಮೀಡಿಯಾ (ಬ್ಯಾಕ್ಟೀರಿಯಾ ಅಂಟ್ಕೊಳ್ಳೋ ಪ್ಲಾಸ್ಟಿಕ್ ಚೂರು), ಪ್ಯಾಕೆಟ್ ಬ್ಯಾಕ್ಟೀರಿಯಾ ಪುಡಿ ಇವೆಲ್ಲ ಆಮೇಲೆ. ಮೊದ್ಲು ನೈಟ್ರೋಜನ್ ಎಲ್ಲಿಂದ ಬರ್ತಿದೆ, ಯಾವ ರೂಪದಲ್ಲಿದೆ ಅಂತ ಹಿಡೀಬೇಕು, ಆಮೇಲೆ ಅದನ್ನ ತಿನ್ನೋ ಹುಳಗಳನ್ನ (ಅಂದ್ರೆ ಬ್ಯಾಕ್ಟೀರಿಯಾನ) ಲಾಂಡ್ರಿಯ ಬ್ಲೀಚಿಂದ ಕಾಪಾಡ್ಬೇಕು. ಇವೆರಡು ಆದ್ರೆ ಮುಕ್ಕಾಲು ಕೆಲಸ ಮುಗೀತು.

ಒಂದನೇ ಕೆಲಸ: ನೈಟ್ರೋಜನ್ ಪತ್ತೆ

ಲಾಂಡ್ರಿ ನೀರು ಮನೆ ಕೊಳಚೆ ನೀರಿನ ಥರ ಅಲ್ಲ. ಸೋಪು, ಸೋಡಾ, ಸಿಲಿಕೇಟ್, ನಾರು ಇವೇ ಜಾಸ್ತಿ, ನೈಟ್ರೋಜನ್ ಸಾಮಾನ್ಯವಾಗಿ ಕಮ್ಮಿನೇ. ಇರೋದು ಎಲ್ಲಿಂದ ಬರುತ್ತೆ ಅಂದ್ರೆ ಬೆವರು, ಮೂತ್ರ, ರಕ್ತ (ಆಸ್ಪತ್ರೆ ಬಟ್ಟೆ, ಡೈಪರ್ ಬಟ್ಟೆ ಇದ್ರೆ ಇದೇ ದೊಡ್ಡ ಪಾಲು), ಬಟ್ಟೆ ಮೃದು ಮಾಡೋ ಸಾಫ್ಟ್‌ನರ್‌ನಲ್ಲಿರೋ ಕ್ವಾಟ್ ಅನ್ನೋ ಕೆಮಿಕಲ್, ಕೊನೇ ಜಾಲಿಕೆಗೆ ಹಾಕೋ ಸೋರ್ ಪುಡಿ (ಬಟ್ಟೆಲಿ ಉಳಿದ ಕ್ಷಾರ ತೆಗೆಯೋ ಆಮ್ಲ). ಈ ಸೋರ್‌ಗಳಲ್ಲಿ ಕೆಲವು ಅಮೋನಿಯಂ ಲವಣದಿಂದಲೇ ಮಾಡಿದವು, ತುಕ್ಕಿನ ಕಲೆ ತೆಗೆಯೋಕೆ ಬಳಸೋ ಅಮೋನಿಯಂ ಬೈಫ್ಲೋರೈಡ್ ಅಂತಾದ್ದು, ಡಬ್ಬದ ಮೇಲಿನ ಚೀಟಿ ಓದಿ, ಅಂಥದ್ದಿದ್ರೆ ಅಮೋನಿಯಂ ಇಲ್ದಿರೋ ಸೋರ್‌ಗೆ ಬದಲಾಯಿಸಿ. ಟ್ಯಾಂಕೇ ಕಟ್ಟದೆ ತೆಗೆದ ನೈಟ್ರೋಜನ್ ಅದು. ಸ್ಟಾಫ್ ಟಾಯ್ಲೆಟ್ ಪೈಪು ಇದೇ ಗುಂಡಿಗೆ ಸೇರಿದ್ಯಾ ಅಂತಾನೂ ನೋಡ್ಕೊಳ್ಳಿ, ಬಹಳ ಕಡೆ ಯಾರಿಗೂ ಗೊತ್ತಿಲ್ದೆ ಸೇರಿರುತ್ತೆ.

ಇನ್ನೊಂದು ಯಾರೂ ನೋಡದ ಜಾಗ, ಒಳಗೆ ಬರೋ ನೀರು. ಕೋಲಾರ, ಬೆಂಗಳೂರು ಗ್ರಾಮಾಂತರದ ಕಡೆ ಎಷ್ಟೋ ಬೋರ್‌ವೆಲ್ ನೀರಲ್ಲಿ ನೈಟ್ರೇಟ್ ಮೊದಲೇ ಇರುತ್ತೆ. ಟ್ಯಾಂಕರ್ ನೀರಲ್ಲಿ 60 ಮಿಲಿಗ್ರಾಂ ನೈಟ್ರೇಟ್ ಇದೆ ಅಂದ್ಕೊಳ್ಳಿ, ಅದನ್ನ ನೈಟ್ರೋಜನ್ ಲೆಕ್ಕಕ್ಕೆ ತರೋಕೆ 4.43ರಿಂದ ಭಾಗಿಸ್ಬೇಕು, 13.5 ಬಂತು, ಅಂದ್ರೆ ಒಂದು ಶರ್ಟೂ ಒಗೆಯೋಕೆ ಮುಂಚೆನೇ 10 ದಾಟಿದ್ದೀರಿ. ಈ ಭಾಗಾಕಾರದಲ್ಲೇ ಅರ್ಧ ಜನ ಎಡವೋದು. ರಿಪೋರ್ಟಲ್ಲಿ ಬರೀ "ನೈಟ್ರೇಟ್" ಅಂತಿದ್ಯಾ, "ನೈಟ್ರೇಟ್ ನೈಟ್ರೋಜನ್" ಅಂತಿದ್ಯಾ ನೋಡಿ. ಕುಡಿಯೋ ನೀರಿನ 45ರ ಲಿಮಿಟ್ ಮೊದಲನೇ ಲೆಕ್ಕದ್ದು, ನೈಟ್ರೋಜನ್ ಲೆಕ್ಕದಲ್ಲಿ ಅದೇ 45 ಅಂದ್ರೆ ಸುಮಾರು 10.

ಹಾಗಾಗಿ ಒಂದು ವಾರ ದಿನವಿಡೀ ಕೂಡಿಸಿದ ಸ್ಯಾಂಪಲ್ ತೆಗೆದು ಇಷ್ಟು ಟೆಸ್ಟ್ ಮಾಡ್ಸಿ: ಟಿಕೆಎನ್ (ಅಂದ್ರೆ ಅಮೋನಿಯಾ ಮತ್ತೆ ಪ್ರೋಟೀನು ಯೂರಿಯಾ ಥರದ ಸಾವಯವ ನೈಟ್ರೋಜನ್ ಸೇರಿ), ಅಮೋನಿಯಾ, ನೈಟ್ರೇಟ್, ಬಿಒಡಿ (ಬ್ಯಾಕ್ಟೀರಿಯಾ ತಿನ್ನಬಲ್ಲ ಕೊಳೆ, ಆಕ್ಸಿಜನ್ ಲೆಕ್ಕದಲ್ಲಿ), ಸಿಒಡಿ (ಕೆಮಿಕಲ್ಲಿಂದ ಅಳೆಯೋ ಒಟ್ಟು ಕೊಳೆ), ಆಲ್ಕಲಿನಿಟಿ (ನೀರು ಆಮ್ಲ ತಡ್ಕೊಳ್ಳೋ ಶಕ್ತಿ), ಪಿಎಚ್. ಒಂದೇ ಒಂದು ಬಾಟಲ್ ಹಿಡಿದು ತೀರ್ಮಾನ ಮಾಡ್ಬೇಡಿ, ಆಸ್ಪತ್ರೆ ಬಟ್ಟೆ ಬಂದ ದಿನದ ನೀರಿಗೂ ಹೋಟೆಲ್ ಟವೆಲ್ ದಿನದ ನೀರಿಗೂ ಅಜಗಜಾಂತರ.

ಲಿಮಿಟ್ ಎಷ್ಟು ಅನ್ನೋದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ನಿಮ್ಮ ಕನ್ಸೆಂಟ್ ಪತ್ರನೇ ಕೊನೇ ಮಾತು. ದೇಶದ ಸಾಮಾನ್ಯ ಕೈಗಾರಿಕಾ ಮಾನದಂಡದಲ್ಲಿ ಹಳ್ಳ ಕೆರೆಗೆ ಬಿಡೋ ನೀರಿಗೆ ಅಮೋನಿಯಾ ನೈಟ್ರೋಜನ್ 50, ಟಿಕೆಎನ್ 100, ನೈಟ್ರೇಟ್ ನೈಟ್ರೋಜನ್ 10 ಅಂತಿದೆ (ಎಲ್ಲ ಲೀಟರಿಗೆ ಮಿಲಿಗ್ರಾಂ ಲೆಕ್ಕ). ಎಸ್‌ಟಿಪಿಗಳಿಗೆ (ಚರಂಡಿ ನೀರು ಶುದ್ಧ ಮಾಡೋ ಪ್ಲಾಂಟ್) ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) 2019ರ ಏಪ್ರಿಲ್ 30ರ ಆದೇಶದಲ್ಲಿ ಟೋಟಲ್ ನೈಟ್ರೋಜನ್ 10 ಅಂತ ಹೇಳ್ತು. ಬಿಗಿಯಾದದ್ದಕ್ಕೆ ತಯಾರಾಗಿದ್ರೆ ನಿದ್ದೆ ಬರುತ್ತೆ. ಬೆಳ್ಳಂದೂರು ಕೆರೆ ನೊರೆ ರೋಡಿಗೆ ಹಾರಿದ್ದು ನೋಡಿದ ಊರಲ್ಲಿ ಸೋಪ್ ನೀರಿನ ಮೇಲೆ ಕಣ್ಣಿರೋದು ಸಹಜನೇ.

ಎರಡನೇ ಕೆಲಸ: ತೆಗೆಯೋ ಅಗತ್ಯ ಇದ್ಯಾ?

ತಮಾಷೆ ಅಲ್ಲ, ನಿಜವಾಗ್ಲೂ ಕೇಳ್ಕೊಳ್ಳಿ. ಬ್ಯಾಕ್ಟೀರಿಯಾ ಬೆಳೆಯೋಕೆ ಬಿಒಡಿ 100 ಭಾಗಕ್ಕೆ ನೈಟ್ರೋಜನ್ 5, ರಂಜಕ 1 ಬೇಕು ಅನ್ನೋದು ಹಳೇ ಸೂತ್ರ. ಸ್ಲಡ್ಜ್‌ಗೆ (ಟ್ಯಾಂಕಲ್ಲಿ ಬೆಳೆದ ಬ್ಯಾಕ್ಟೀರಿಯಾ ಕೆಸರು) ವಯಸ್ಸಾದಷ್ಟೂ 5 ಅನ್ನೋದು 3ಕ್ಕೆ ಇಳಿಯುತ್ತೆ. ಬರೀ ಹೋಟೆಲ್ ಬಟ್ಟೆ, ಬಿಒಡಿ 300, ನೈಟ್ರೋಜನ್ 15 ಇದ್ರೆ ಹುಳಗಳು ತಮ್ಮ ಮೈಗೇ 10 ಚಿಲ್ಲರೆ ಎಳ್ಕೊಂಡು ಬಿಡ್ತವೆ, ಉಳಿದಿದ್ದು 5, ಸ್ಲಡ್ಜ್ ಸರಿಯಾಗಿ ಹೊರಗೆ ಹಾಕಿದ್ರೆ ಸಾಕು, ಬೇರೆ ಏನೂ ಬೇಡ. ಯೂರಿಯಾ ಯಾವಾಗ? ಔಟ್‌ಲೆಟ್‌ನಲ್ಲಿ ಅಮೋನಿಯಾನೂ ನೈಟ್ರೇಟೂ ಎರಡೂ ಸೊನ್ನೆ ಹತ್ರ ಇದ್ದು ಸ್ಲಡ್ಜ್ ಲೋಳೆಲೋಳೆಯಾಗಿ ಕೂರದೇ ಇದ್ದಾಗ ಮಾತ್ರ. ಎರಡೂ ಸೇರಿ 1–2 ಮಿಲಿಗ್ರಾಂ ಉಳೀತಿದೆ ಅಂದ್ರೆ ಹುಳಗಳಿಗೆ ಹಸಿವಿಲ್ಲ, ಮೂಟೆ ತೋಟಕ್ಕೆ ಕೊಡಿ.

ಟಿಕೆಎನ್ 40–50 ಬಂತಾ, ಆಗ ಮುಂದೆ ಓದಿ.

ಒಳಗೇನಾಗುತ್ತೆ

ಎರಡು ಹಂತ. ಮೊದ್ಲು ಗಾಳಿ ಇರೋ ಟ್ಯಾಂಕಲ್ಲಿ (ಏರೇಷನ್ ಅಂತಾರೆ) ಅಮೋನಿಯಾನ ನೈಟ್ರೋಸೋಮೊನಾಸ್ ಥರದ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತೆ, ನೈಟ್ರೋಸ್ಪೈರಾ ಅದನ್ನ ನೈಟ್ರೇಟ್ ಮಾಡುತ್ತೆ, ಇದೇ ನೈಟ್ರಿಫಿಕೇಷನ್. ಇದಕ್ಕೆ ಒಂದು ಗ್ರಾಂ ನೈಟ್ರೋಜನ್‌ಗೆ 4.57 ಗ್ರಾಂ ಆಕ್ಸಿಜನ್ ಬೇಕು, 7.14 ಗ್ರಾಂ ಆಲ್ಕಲಿನಿಟಿ ಕರಗಿ ಹೋಗುತ್ತೆ. ಆಮೇಲೆ ಗಾಳಿ ಇಲ್ದಿರೋ, ಬರೀ ಕಲಕೋ ಟ್ಯಾಂಕಲ್ಲಿ (ಅನಾಕ್ಸಿಕ್ ಅಂತಾರೆ) ಬೇರೆ ಬ್ಯಾಕ್ಟೀರಿಯಾಗಳು ಉಸಿರಾಡೋಕೆ ಆಕ್ಸಿಜನ್ ಸಿಗದೆ ನೈಟ್ರೇಟಲ್ಲಿರೋ ಆಕ್ಸಿಜನ್ ಕಿತ್ಕೊಳ್ತವೆ, ನೈಟ್ರೋಜನ್ ಗ್ಯಾಸಾಗಿ ಗುಳುಗುಳು ಅಂತ ಮೇಲೆ ಹೋಗುತ್ತೆ, ಇದೇ ಡಿನೈಟ್ರಿಫಿಕೇಷನ್. ಇಲ್ಲಿ 3.57 ಗ್ರಾಂ ಆಲ್ಕಲಿನಿಟಿ ವಾಪಸ್ ಸಿಗುತ್ತೆ, 2.86 ಗ್ರಾಂ ಆಕ್ಸಿಜನ್ನಿನ ಕೆಲಸನೂ ಬಿಟ್ಟಿ ಆಗುತ್ತೆ. ಬರೀ ಮೊದಲನೇ ಹಂತ ಮಾಡಿದ್ರೆ ಅಮೋನಿಯಾ ಪಾಸ್, ಟೋಟಲ್ ನೈಟ್ರೋಜನ್ ಫೇಲ್. ಬ್ಲೋವರ್ ಎಷ್ಟು ಓಡ್ಸಿದ್ರೂ ನೈಟ್ರೋಜನ್ ವೇಷ ಬದಲಾಯಿಸುತ್ತೆ ಅಷ್ಟೇ, ಹೊರಗೆ ಹೋಗಲ್ಲ.

ಮೂರನೇ ಕೆಲಸ: ಈಕ್ವಲೈಸೇಷನ್ ಟ್ಯಾಂಕ್, ಇಲ್ಲೇ ಗೆಲ್ಲೋದು ಸೋಲೋದು

ನೈಟ್ರಿಫೈ ಮಾಡೋ ಹುಳಗಳು ಬಹಳ ನಾಜೂಕು, ನಿಧಾನಕ್ಕೆ ಬೆಳೆಯೋವು, ಒಂದ್ಸಲ ಸತ್ರೆ ಮತ್ತೆ ಬರೋಕೆ ಮೂರು–ನಾಲ್ಕು ವಾರ ಬೇಕು. ಲಾಂಡ್ರಿಯಲ್ಲಿ ಅವಕ್ಕೆ ಶತ್ರುಗಳು ಸಾಲುಸಾಲು: ಬ್ಲೀಚು, ಕ್ವಾಟ್ ಇರೋ ಸಾಫ್ಟ್‌ನರ್ ಮತ್ತೆ ಡಿಸಿನ್ಫೆಕ್ಟೆಂಟ್, 60–70 ಡಿಗ್ರಿ ಬಿಸಿನೀರು, 10–11 ಪಿಎಚ್ಚು, ವಾಟರ್ ಸಾಫ್ಟ್‌ನರ್ ತೊಳೆದ ಉಪ್ಪುನೀರು.

ಮೊದ್ಲು ಅರ್ಧದಿಂದ ಒಂದು ಮಿಲಿಮೀಟರ್ ಜರಡಿ ಹಾಕಿ ನಾರು ಹಿಡೀರಿ, ಇಲ್ಲಾಂದ್ರೆ ಆ ದಾರಗಳು ಪಂಪಿಗೆ ಸುತ್ಕೊಂಡು ಹಗ್ಗ ಆಗ್ತವೆ. ಆಮೇಲೆ ಕನಿಷ್ಠ 12 ಗಂಟೆ ನೀರು ಹಿಡಿಯೋ ಈಕ್ವಲೈಸೇಷನ್ ಟ್ಯಾಂಕ್, ಒಳಗೆ ದಪ್ಪ ಗುಳ್ಳೆ ಬಿಡೋ ಗಾಳಿ ಪೈಪು. ಬ್ಲೀಚ್ ನೀರು, ಕೊಳೆ ನೀರು, ಸೋರ್ ನೀರು ಮೂರೂ ಇಲ್ಲಿ ಬೆರೆತ್ರೆ ಎಷ್ಟೋ ಕ್ಲೋರಿನ್ ಕೊಳೆ ಜೊತೆಗೇ ಖರ್ಚಾಗುತ್ತೆ, ಪಿಎಚ್ಚೂ ತಾನಾಗೇ ಇಳಿಯುತ್ತೆ, ಬಿಸಿನೂ ಆರುತ್ತೆ. ಮುಂದಕ್ಕೆ ಹೋಗೋ ನೀರು 38 ಡಿಗ್ರಿ ದಾಟಬಾರ್ದು. ಉಪ್ಪುನೀರನ್ನ ಒಂದೇ ಸಲ ಬಿಡದೆ ಡ್ರಮ್ಮಲ್ಲಿ ತುಂಬಿಟ್ಟು ದಿನವಿಡೀ ಸಣ್ಣಗೆ ಬಿಡಿ.

ಈಜುಕೊಳದೋರು ಬಳಸೋ ಕ್ಲೋರಿನ್ ಕಿಟ್ ಇದ್ಯಲ್ಲ, ಎರಡು ಹನಿ ಹಾಕಿದ್ರೆ ಹಳದಿ ಆಗೋದು, ಅದನ್ನ ದಿನಾ ಎರಡು ಸಲ ಈ ಟ್ಯಾಂಕಿನ ಔಟ್‌ಲೆಟ್‌ನಲ್ಲಿ ಹಿಡೀರಿ. ಹಳದಿ ಬಂತು ಅಂದ್ರೆ ನೀರು ಮುಂದೆ ಬಿಡ್ಬೇಡಿ, ಸೋಡಿಯಂ ಥಯೋಸಲ್ಫೇಟ್ ಸ್ವಲ್ಪ ಸ್ವಲ್ಪ ಹಾಕಿ ಬಣ್ಣ ಹೋಗೋ ತನಕ. ಒಂದು ಮಜಾ ಇದೆ ಇಲ್ಲಿ, ನಮ್ಮ ಪ್ಲಾಂಟ್ ಹುಡುಗರ ಬಾಯಲ್ಲಿ ಹೈಪೋ ಅಂದ್ರೆ ಬ್ಲೀಚ್ ದ್ರಾವಣ, ಹಳೇ ಫೋಟೋ ಸ್ಟುಡಿಯೋದೋರ ಬಾಯಲ್ಲಿ ಹೈಪೋ ಅಂದ್ರೆ ಇದೇ ಥಯೋಸಲ್ಫೇಟ್, ಒಂದು ಹೈಪೋ ಕೊಲ್ಲುತ್ತೆ ಇನ್ನೊಂದು ಕಾಪಾಡುತ್ತೆ, ಅಂಗಡೀಲಿ ಕೇಳುವಾಗ ಪೂರ್ತಿ ಹೆಸರು ಹೇಳಿ. ಅತಿಯಾಗಿ ಸುರೀಬೇಡಿ, ಉಳಿದಿದ್ದು ಮುಂದೆ ಆಕ್ಸಿಜನ್ ತಿನ್ನುತ್ತೆ.

ಪಿಎಚ್ ಬಗ್ಗೆ ಒಂದು ದೊಡ್ಡ ತಪ್ಪು ಎಲ್ಲ ಕಡೆ ನೋಡ್ತೀನಿ. 10.5 ಇದೆ ಅಂತ ಆಸಿಡ್ ಸುರಿದು 7ಕ್ಕೆ ತರ್ತಾರೆ, ಆಮೇಲೆ ಏರೇಷನ್ ಟ್ಯಾಂಕಲ್ಲಿ 6ಕ್ಕೆ ಇಳೀತು ಅಂತ ಸೋಡಾ ಸುರೀತಾರೆ! ಆ ಕ್ಷಾರನೇ ನಿಮ್ಮ ಆಲ್ಕಲಿನಿಟಿ ಸ್ವಾಮಿ, ನೈಟ್ರಿಫಿಕೇಷನ್‌ಗೆ ಬೇಕಾದ್ದೇ ಅದು. 8.5–9ರ ಹತ್ರ ತಂದು ಬಿಟ್ಬಿಡಿ, ಮುಂದಿನ ಟ್ಯಾಂಕಲ್ಲಿ ಹುಳಗಳು ಬಿಡೋ ಕಾರ್ಬನ್ ಡೈಆಕ್ಸೈಡು, ಆಮ್ಲ ಎರಡೂ ಸೇರಿ 7.5ಕ್ಕೆ ಕೂರಿಸ್ತವೆ. ಹಾಗಂತ ಏರೇಷನ್ ಟ್ಯಾಂಕಿನೊಳಗೇ 9 ಇರೋಕೆ ಬಿಡಬಾರ್ದು, 9.25ರ ಹತ್ರ ಅಮೋನಿಯಾದಲ್ಲಿ ಅರ್ಧ ಭಾಗ ಗ್ಯಾಸ್ ರೂಪದಲ್ಲಿರುತ್ತೆ, ಅದು ಈ ಹುಳಗಳಿಗೇ ವಿಷ.

ಆಲಂ (ಪಟಿಕ), ಪಾಲಿ (ಕೊಳೆನ ಮುದ್ದೆ ಕಟ್ಟಿಸೋ ಪಾಲಿಮರ್) ಹಾಕಿ ಮೊದಲೇ ತಿಳಿ ಮಾಡೋ ಪದ್ಧತಿನೂ ಇದೆ. ಸೋಪು ವಿಪರೀತ ಇದ್ರೆ ಮಾಡಿ, ಆದ್ರೆ ಒಂದು ಗ್ರಾಂ ಆಲಂ ಅರ್ಧ ಗ್ರಾಂ ಆಲ್ಕಲಿನಿಟಿ ತಿನ್ನುತ್ತೆ, ಜೊತೆಗೆ ಎರಡನೇ ಹಂತಕ್ಕೆ ಬೇಕಾದ ಬಿಒಡಿನೂ ಎತ್ಕೊಂಡು ಹೋಗುತ್ತೆ. ನಾನಂತೂ ಬೇಡ ಅನ್ನೋ ಕಡೆಯೋನು.

ನಾಲ್ಕನೇ ಕೆಲಸ: ಟ್ಯಾಂಕ್ ಲೆಕ್ಕ

ಅದೇ 50 ಸಾವಿರ ಲೀಟರ್ (50 ಕೆಎಲ್‌ಡಿ) ಇಟ್ಕೊಳ್ಳೋಣ, ಬಿಒಡಿ 350, ಟಿಕೆಎನ್ 50. ಹುಳಗಳ ಮೈಗೆ 10 ಹೋಯ್ತು, ಔಟ್‌ಲೆಟ್‌ನಲ್ಲಿ ಅಮೋನಿಯಾ 2, ಹುಳಗಳು ತಿನ್ನದ ಹಠಮಾರಿ ಸಾವಯವ ನೈಟ್ರೋಜನ್ 2 ಉಳಿಯುತ್ತೆ. ಬಾಕಿ 36 ನೈಟ್ರೇಟ್ ಆಗುತ್ತೆ, ದಿನಕ್ಕೆ 1.8 ಕೆಜಿ.

ಜೋಡಣೆ ಹೀಗೆ: ಮೊದ್ಲು ಅನಾಕ್ಸಿಕ್, ಆಮೇಲೆ ಏರೇಷನ್, ಆಮೇಲೆ ಸೆಟ್ಲಿಂಗ್ ಟ್ಯಾಂಕ್. ಏರೇಷನ್ ಕೊನೆಯಿಂದ ನೈಟ್ರೇಟ್ ತುಂಬಿದ ನೀರನ್ನ ಪಂಪ್ ಮಾಡಿ ವಾಪಸ್ ಅನಾಕ್ಸಿಕ್ ಟ್ಯಾಂಕಿಗೆ ತರೋದು. ವಾಪಸ್ ಅಲ್ಲಿಗ್ಯಾಕೆ ಅಂದ್ರೆ ಹೊಸ ನೀರಲ್ಲಿರೋ ಬಿಒಡಿನೇ ಡಿನೈಟ್ರಿಫಿಕೇಷನ್‌ಗೆ ಊಟ, ಬೋರ್‌ವೆಲ್‌ನಿಂದ ಬಂದ ನೈಟ್ರೇಟೂ ಅಲ್ಲೇ ಖಾಲಿ.

ಏರೇಷನ್ ಟ್ಯಾಂಕಿಗೆ ದಿನಕ್ಕೆ 17.5 ಕೆಜಿ ಬಿಒಡಿ ಬರುತ್ತೆ. ಒಂದು ಕೆಜಿ ಸ್ಲಡ್ಜ್‌ಗೆ 0.1 ಕೆಜಿ ಊಟ ಅಂತಿಟ್ರೆ 175 ಕೆಜಿ ಸ್ಲಡ್ಜ್ ಬೇಕು, ಲೀಟರಿಗೆ 3500 ಮಿಲಿಗ್ರಾಂ ಸಾಂದ್ರತೆಯಲ್ಲಿ 50 ಕ್ಯೂಬಿಕ್ ಮೀಟರ್. ಅನಾಕ್ಸಿಕ್‌ಗೆ 15 ಸಾಕು, ಕಲಕೋಕೆ ಮಿಕ್ಸರ್, ಗಾಳಿ ಬೇಡವೇ ಬೇಡ.

ವಾಪಸ್ ಪಂಪ್: ಉಳಿಯೋ ನೈಟ್ರೇಟ್ ಅಂದ್ರೆ 36ನ್ನ (1 + ಒಟ್ಟು ವಾಪಸಾತಿ)ಯಿಂದ ಭಾಗಿಸಿದ್ದು. ಸ್ಲಡ್ಜ್ ವಾಪಸ್ 1 ಪಟ್ಟು, ಈ ಪಂಪು 5 ಪಟ್ಟು ಅಂದ್ರೆ 36 ಭಾಗ 7, ಸುಮಾರು 5. ಅಮೋನಿಯಾ 2, ಸಾವಯವ 2 ಸೇರಿಸಿ 9, ಪಾಸ್. ಪಂಪು ಗಂಟೆಗೆ 10–11 ಕ್ಯೂಬಿಕ್ ಮೀಟರ್ ಎತ್ತಬೇಕು, ಎತ್ತರ ಇಲ್ದಿರೋದ್ರಿಂದ ಕರೆಂಟ್ ಕಮ್ಮಿ. ಇದಕ್ಕಿಂತ ಜಾಸ್ತಿ ತಿರುಗಿಸಿದ್ರೆ ಪ್ರಯೋಜನ ಇಲ್ಲ, ನೀರಿನ ಜೊತೆ ಆಕ್ಸಿಜನ್ನೂ ಅನಾಕ್ಸಿಕ್‌ಗೆ ಹೋಗಿ ಕೆಲಸ ಕೆಡಿಸುತ್ತೆ.

ಗಾಳಿ: ಬಿಒಡಿಗೆ 21, ನೈಟ್ರಿಫಿಕೇಷನ್‌ಗೆ 8.2, ವಾಪಸ್ ಸಿಗೋದು 4.4, ಒಟ್ಟು ದಿನಕ್ಕೆ 25 ಕೆಜಿ ಆಕ್ಸಿಜನ್. ಆದ್ರೆ ಸೋಪ್ ನೀರಲ್ಲಿ ಸಣ್ಣ ಗುಳ್ಳೆಯಿಂದ ಆಕ್ಸಿಜನ್ ಇಳಿಯೋದು ಶುದ್ಧ ನೀರಿನ ಅರ್ಧಕ್ಕಿಂತಲೂ ಕಮ್ಮಿ, ಕ್ಯಾಟಲಾಗ್ ನೋಡಿ ಬ್ಲೋವರ್ ಕೊಂಡೋರು ಬೀಳೋದು ಇಲ್ಲೇ. ಮೂರು ಪಟ್ಟು ಇಟ್ಕೊಂಡು ಲೆಕ್ಕ ಮಾಡಿದ್ರೆ 3 ಮೀಟರ್ ಆಳದ ಟ್ಯಾಂಕಿಗೆ ಗಂಟೆಗೆ 75–80 ಕ್ಯೂಬಿಕ್ ಮೀಟರ್ ಗಾಳಿ ಬೇಕಾಗುತ್ತೆ.

ಆಲ್ಕಲಿನಿಟಿ: 36 ಗುಣಿಸು 7.14 ಅಂದ್ರೆ 257 ಹೋಯ್ತು, ಗ್ಯಾಸಾಗಿ ಹೋದ 31ಕ್ಕೆ ವಾಪಸ್ 111 ಬಂತು, ನಿವ್ವಳ ಖರ್ಚು 146, ಕೊನೆಗೆ 100 ಉಳೀಬೇಕು. ಒಳಗೆ ಬರೋ ನೀರಲ್ಲಿ 250 ಇದ್ರೆ ಚಿಂತೆ ಇಲ್ಲ. 100 ಕಮ್ಮಿ ಬಿತ್ತು ಅಂದ್ರೆ ದಿನಕ್ಕೆ 5.3 ಕೆಜಿ ಸೋಡಾ ಆಶ್ ಅಥವಾ 8.4 ಕೆಜಿ ಅಡುಗೆ ಸೋಡಾ.

ದಿನಕ್ಕೆ 5–10 ಸಾವಿರ ಲೀಟರಿನ ಸಣ್ಣ ಅಂಗಡಿಗೆ ಇಷ್ಟೆಲ್ಲ ಟ್ಯಾಂಕ್ ಬೇಡ, ಒಂದೇ ಟ್ಯಾಂಕಲ್ಲಿ ಟೈಮರ್ ಇಟ್ಟು ಸರದಿ ಮಾಡಿ. ಆರು ಗಂಟೆ ಸುತ್ತು: ನೀರು ತುಂಬಿಸ್ತಾ ಬರೀ ಕಲಕೋದು ಒಂದೂವರೆ ಗಂಟೆ, ಗಾಳಿ ಮೂರು ಗಂಟೆ, ಕೂರೋಕೆ ಒಂದು, ಮೇಲಿನ ತಿಳಿ ತೆಗೆಯೋಕೆ ಅರ್ಧ.

ಐದನೇ ಕೆಲಸ: ಶುರು ಮಾಡೋದು

ಸಗಣಿ ಕದಡಿ ಹಾಕೋರು ಇದ್ದಾರೆ, ಬಿಒಡಿ ಹುಳಕ್ಕೆ ಪರವಾಗಿಲ್ಲ, ನೈಟ್ರಿಫೈ ಮಾಡೋವು ಅದರಲ್ಲಿ ಸಿಗೋದು ಅಷ್ಟಕ್ಕಷ್ಟೇ. ಅಮೋನಿಯಾ ಚೆನ್ನಾಗಿ ಇಳಿಸ್ತಿರೋ ಎಸ್‌ಟಿಪಿಯಿಂದ ಸ್ಲಡ್ಜ್ ಟ್ಯಾಂಕರಲ್ಲಿ ತಂದು ಟ್ಯಾಂಕಿನ ಕಾಲು ಭಾಗ ತುಂಬಿಸಿ. ಲಾಂಡ್ರಿ ನೀರು ಮೊದಲ ವಾರ ಕಾಲು ಭಾಗ, ಆಮೇಲೆ ಅರ್ಧ, ಹೀಗೆ ಏರಿಸ್ತಾ ಹೋಗಿ. ಮೊದಲ ದಿನಗಳಲ್ಲಿ ನೊರೆ ಟ್ಯಾಂಕ್ ದಾಟಿ ಉಕ್ಕುತ್ತೆ, ಗಾಬರಿ ಬೇಡ, ಸಂಸ್ಕರಿಸಿದ ನೀರನ್ನೇ ಮೇಲಿಂದ ಸ್ಪ್ರೇ ಮಾಡಿ, ಸೋಪು ತಿನ್ನೋ ಹುಳಗಳು ಬೆಳೆದಂಗೆ ನೊರೆ ತಾನಾಗೇ ಕುಗ್ಗುತ್ತೆ. ಡಿಟರ್ಜೆಂಟಿನ ಮುಖ್ಯ ಸೋಪು ಗಾಳಿ ಇರೋ ಕಡೆ ಚೆನ್ನಾಗಿ ಕೊಳೆತು ಹೋಗುತ್ತೆ, ಗಾಳಿ ಇಲ್ದಿರೋ ಕಡೆ ಹೆಚ್ಚುಕಮ್ಮಿ ಹಂಗೇ ಉಳಿಯುತ್ತೆ.

ಮೂರರಿಂದ ಆರು ವಾರ ಕಾಯ್ಬೇಕು. ಮೊದ್ಲು ಅಮೋನಿಯಾ ಇಳಿಯುತ್ತೆ, ನೈಟ್ರೈಟ್ ಏರುತ್ತೆ, ಆಮೇಲೆ ನೈಟ್ರೈಟ್ ಬಿದ್ದು ನೈಟ್ರೇಟ್ ಏರುತ್ತೆ. ನೈಟ್ರೈಟ್ ಏರಿದ ಹೊತ್ತಲ್ಲಿ ಸಿಒಡಿನೂ ಜಾಸ್ತಿ ತೋರ್ಸುತ್ತೆ, ಕೊನೇಲಿ ಹಾಕೋ ಕ್ಲೋರಿನ್ನೂ ಮಾಯ ಆಗುತ್ತೆ, ಪ್ಲಾಂಟ್ ಕೆಟ್ಟೋಯ್ತು ಅಂತ ಅದೇ ವಾರ ಎಲ್ಲ ಬದಲಾಯಿಸೋಕೆ ಹೋಗ್ಬೇಡಿ.

ದಿನಾ ನೋಡೋದು

ಏರೇಷನ್‌ನಲ್ಲಿ ಕರಗಿದ ಆಕ್ಸಿಜನ್ 2, ಅನಾಕ್ಸಿಕ್‌ನಲ್ಲಿ 0.2ಕ್ಕಿಂತ ಕಮ್ಮಿ. ಏರೇಷನ್‌ನಲ್ಲಿ 4–5 ಇಡೋದು ದುಡ್ಡು ಸುಡೋದು ಅಷ್ಟೇ ಅಲ್ಲ, ಅದೇ ಆಕ್ಸಿಜನ್ ವಾಪಸ್ ಪಂಪಲ್ಲಿ ಹೋಗಿ ಡಿನೈಟ್ರಿಫಿಕೇಷನ್ ಕೊಲ್ಲುತ್ತೆ. ಸ್ಲಡ್ಜ್ ವಯಸ್ಸು 20 ದಿನ ಇರ್ಲಿ, ಅಂದ್ರೆ ಎರಡೂ ಟ್ಯಾಂಕ್ ಸೇರಿ 65 ಕ್ಯೂಬಿಕ್ ಮೀಟರ್, ಅದರ 20ನೇ ಒಂದು ಭಾಗ, ಮೂರೂಕಾಲು ಕ್ಯೂಬಿಕ್ ಮೀಟರ್ ದಿನಾ ಏರೇಷನ್ ಟ್ಯಾಂಕಿಂದಲೇ ನೇರ ಹೊರಗೆ ಹಾಕಿ. ಇಷ್ಟು ಸುಲಭದ ಲೆಕ್ಕ ಬಿಟ್ಟು "ನೋಡೋಕೆ ಕಪ್ಪಗಿದೆ, ಎಲ್ಲ ತೆಗೆದುಬಿಡಿ" ಅಂತ ಒಂದೇ ದಿನ ಅರ್ಧ ಸ್ಲಡ್ಜ್ ಎತ್ತಿ ಎಸೆದ ಕಡೆ ತಿಂಗಳುಗಟ್ಟಲೆ ಅಮೋನಿಯಾ ಇಳಿಯಲ್ಲ. ಭಾನುವಾರ ಲಾಂಡ್ರಿ ರಜಾ ಇದ್ರೂ ಬ್ಲೋವರ್ ಪೂರ್ತಿ ಆಫ್ ಮಾಡ್ಬೇಡಿ, ಗಂಟೆಗೆ 15–20 ನಿಮಿಷ ಓಡ್ಲಿ.

ಕೆಟ್ಟಾಗ ಹೀಗೆ ಹುಡುಕಿ. ಅಮೋನಿಯಾ ಜಾಸ್ತಿ, ನೈಟ್ರೇಟ್ ಕಮ್ಮಿ ಅಂದ್ರೆ ಮೊದಲನೇ ಹಂತ ನಿಂತಿದೆ: ಕ್ಲೋರಿನ್ ಕಿಟ್ ಹಿಡೀರಿ, ಪಿಎಚ್ 6.8ಕ್ಕಿಂತ ಇಳಿದಿದ್ಯಾ ನೋಡಿ, ಒಗೆಯೋ ಸೆಕ್ಷನ್ನಿನ ಸೂಪರ್‌ವೈಸರ್‌ನ ಈ ವಾರ ಯಾವ ಹೊಸ ಕೆಮಿಕಲ್ ಬಂತು ಅಂತ ಕೇಳಿ, ಬ್ಲೋವರ್ ಕೊನೇಲಿ. ಅಮೋನಿಯಾ ಸೊನ್ನೆ, ನೈಟ್ರೇಟ್ ಜಾಸ್ತಿ ಅಂದ್ರೆ ವಾಪಸ್ ಪಂಪ್ ಓಡ್ತಿದ್ಯಾ, ಅನಾಕ್ಸಿಕ್‌ಗೆ ಗಾಳಿ ನುಗ್ತಿದ್ಯಾ ನೋಡಿ, ಅವೆರಡೂ ಸರಿ ಇದ್ರೆ ಊಟ ಸಾಲ್ತಿಲ್ಲ. ಒಂದು ಗ್ರಾಂ ನೈಟ್ರೇಟ್ ನೈಟ್ರೋಜನ್‌ಗೆ ಸುಮಾರು 5 ಗ್ರಾಂ ಸಿಒಡಿ ಬೇಕು. 10 ಮಿಲಿಗ್ರಾಂ ಹೆಚ್ಚುವರಿ ಇಳಿಸ್ಬೇಕು ಅಂದ್ರೆ ನಮ್ಮ 50 ಸಾವಿರ ಲೀಟರಿಗೆ ಅರ್ಧ ಕೆಜಿ ನೈಟ್ರೋಜನ್, ಎರಡೂವರೆ ಕೆಜಿ ಬೆಲ್ಲ. ಅಡುಗೆಗೆ ಆಗದ ಕಪ್ಪು ಬೆಲ್ಲನೇ ಸಾಕು, ನೀರಲ್ಲಿ ಕರಗಿಸಿ ಅನಾಕ್ಸಿಕ್ ಟ್ಯಾಂಕಿಗೆ ಹನಿಹನಿಯಾಗಿ ಬಿಡಿ, ಏರೇಷನ್‌ಗೆ ಹಾಕಿದ್ರೆ ಬೆಲ್ಲನೂ ಹೋಯ್ತು ಕರೆಂಟೂ ಹೋಯ್ತು.

ಕಾಸಿಲ್ಲದ ಟೆಸ್ಟ್ ಒಂದಿದೆ. ಒಂದು ಲೀಟರ್ ಜಾರಲ್ಲಿ ಏರೇಷನ್ ನೀರು ಹಿಡಿದು ಅರ್ಧ ಗಂಟೆ ಸ್ಲಡ್ಜ್ ಎಷ್ಟು ಕೂರ್ತು ಅಂತ ಎಲ್ರೂ ನೋಡ್ತಾರೆ, ಆಮೇಲೆ ಚೆಲ್ಲಿಬಿಡ್ತಾರೆ. ಚೆಲ್ಲಬೇಡಿ, ಇನ್ನೊಂದು ಗಂಟೆ ಬಿಡಿ. ಕೂತಿದ್ದ ಸ್ಲಡ್ಜ್ ಗುಳ್ಳೆ ಸಮೇತ ಮೇಲೆ ಎದ್ದು ಬಂತು ಅಂದ್ರೆ ನೈಟ್ರೇಟ್ ಇನ್ನೂ ಬಹಳ ಉಳಿದಿದೆ, ಜಾರೊಳಗೇ ಡಿನೈಟ್ರಿಫಿಕೇಷನ್ ಆಗ್ತಿದೆ ಅಂತ ಅರ್ಥ, ಸೆಟ್ಲಿಂಗ್ ಟ್ಯಾಂಕಲ್ಲೂ ಇದೇ ಆಗಿ ಸ್ಲಡ್ಜ್ ತೇಲಿ ಹೊರಗೆ ಹೋಗ್ತಿರುತ್ತೆ.

ಲ್ಯಾಬಿಗೆ ಕಳಿಸೋ ಬಾಟಲ್ ಬಿಸಿಲಲ್ಲಿ ಬೈಕ್ ಡಿಕ್ಕಿಲಿ ಮಧ್ಯಾಹ್ನದ ತನಕ ಇಡ್ಬೇಡಿ, ಒಳಗೆ ಹುಳಗಳು ಕೆಲಸ ಮುಂದುವರೆಸ್ತಾನೇ ಇರ್ತವೆ, ನಂಬರ್ ಬದಲಾಗುತ್ತೆ. ಐಸ್ ಡಬ್ಬಿಲಿಟ್ಟು ಅವತ್ತೇ ತಲುಪಿಸಿ, ಆಗಲ್ಲ ಅಂದ್ರೆ ಅಮೋನಿಯಾ, ಟಿಕೆಎನ್, ಸಿಒಡಿ ಟೆಸ್ಟಿಗೆ ಆಸಿಡ್ ಹಾಕಿದ ಬಾಟಲ್ ಲ್ಯಾಬಿನೋರೇ ಕೊಡ್ತಾರೆ, ಕೇಳಿ ಇಸ್ಕೊಳ್ಳಿ.